ಪರದೆಯ ಹಿಂಬದಿ

ಕಾರಸವಾಡಿ ರಸ್ತೆಯಲ್ಲಿ ನಂದೊಂದು ಫ್ರೇಮಿನಂಗಡಿ.
ದೇವರು, ಸತ್ತವರು, ಮದುವೆಯಾದವರು,
ಯಾರೇ ಬಂದರೂ ಮೊದಲು ಬೋರಲು ಹಾಕುತ್ತೇನೆ.
ಮೊಳೆ ಹೊಡೆಯುವುದು ಬೆನ್ನಿಗೆ.
ಹೊಂಬಾಳಮ್ಮನ ಚಿತ್ರಗಳೂ ಹದಿನೆಂಟು ವರ್ಷದಿಂದ
ನನಗೆ ಬೆನ್ನಿನಿಂದಲೇ ಗುರುತು.

ಮುಂದಿನಿಂದ ನೋಡಿದರೆ ಅಲ್ಲಿ ಎಲ್ಲರೂ ಎಡಚರು.
ಎಡಗೈಯಲ್ಲಿ ಕುಡುಗೋಲು,
ಎಡಗೈಯಲ್ಲೇ ಅನ್ನ ಕಲೆಸುವ ಮದುಮಗ,
ಸೆರಗೆಲ್ಲ ಬಲ ಭುಜದ ಮೇಲೆ,
ಮೂಲೆಯಲ್ಲಿ ಅವಳ ಸಹಿ,
ನಮಗೆ ಬೆನ್ನು ತಿರುಗಿಸಿ ಕೂತ ಅಕ್ಷರ.
ಬ್ಯಾಂಕಿನವರು ಒಪ್ಪದೆ
ಹೆಬ್ಬೆಟ್ಟು ಒತ್ತಿಸಿಕೊಂಡರಂತೆ.

ಮೈಸೂರಿನಿಂದ ಬಂದ ಮೇಷ್ಟ್ರು ಮೈಕು ತಟ್ಟಿ
ಸೆರಗಿನಲ್ಲಿ ಗುಜರಾತಿನ ಪ್ರಭಾವ ಎಂದರು,
ಎಡಗೈ ಎಂದರೆ ಪ್ರತಿಭಟನೆ ಎಂದರು,
ನೀರು ಕುಡಿದು ಮತ್ತೆ ಪ್ರತಿಭಟನೆ ಎಂದರು.
ಆಮೇಲೆ ದೀಪ ಆರಿತು.
ಅವಳು ಏಳು ವರ್ಷದವಳಿದ್ದಾಗ ಕಂಡ ಸಿನಿಮಾ ಒಂದು,
ಪಕ್ಕದ ಗೋಡೆಗೆ ಅವಳ ಇಪ್ಪತ್ತು ಚಿತ್ರ;
ಇದರಿಂದ ಅದು ಹೇಗೆ ಬಂತು
ಅಂತ ನಾವು ನೋಡಬೇಕು.

ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಕಿಟಕಿಯಿಂದ ಬಂದು ಎಲ್ಲರ ಜೊತೆ ಕೂತಿತು.
ಹಾಲಿನ ನಡುವೆ ಹಗ್ಗಕ್ಕೆ ಇಳಿಬಿಟ್ಟ ಬಿಳಿ ಬಟ್ಟೆ,
ಹಳೇ ರೀಲು, ಮೈಯೆಲ್ಲ ಗೀರು,
ಹೀರೋ ಬಾಯಿ ತೆರೆದರೆ
ಎಣ್ಣೆಗೆ ಸಾಸಿವೆ ಬಿದ್ದ ಸದ್ದು.

ಹೊಂಬಾಳಮ್ಮ ಐದು ನಿಮಿಷ ಕೂತಳು.
"ಇದಲ್ಲ ಕನಪ್ಪ" ಅಂದಳು.
ನನ್ನ ತೋಳು ಹಿಡಿದು ಎದ್ದು
ಪ್ಲಾಸ್ಟಿಕ್ ಕುರ್ಚಿ ದರದರ ಎಳೆಯುತ್ತ,
ಶ್ಶ್ ಅಂದವರ ಮಂಡಿ ದಾಟಿ,
ಬಟ್ಟೆಯ ಆಚೆಗೆ ನಡೆದಳು.

ಆಚೆ ಹೋದದ್ದೇ ತಡ
ಹೀರೋ ಕತ್ತಿಯನ್ನು ಎಡಗೈಗೆ ತಗೊಂಡ.
ಅವನ ತಾಯಿಯ ಸೆರಗು ಬಲ ಭುಜಕ್ಕೆ ಬಂದು ಬಿತ್ತು.

"ಅವ್ವ ಟೆಂಟಿನ ಇಂದೆ ಕಳ್ಳೆಕಾಯಿ ಬೇಯ್ಸೋಳು.
ಇಂದ್ಗಡೀಕೆ ಟಿಕೀಟಿಲ್ಲ.
ಆರನ್ ಡಬ್ಬ ಈ ಕಿವೀಗೆ, ಒಗೆ ಈ ಕಣ್ಗೆ.
ನಾ ಅಕ್ಸರ ಕಲ್ತಿದ್ದೂ ಇಲ್ಲೇಯ."
ಮಗುಚಿದ ಅಕ್ಷರದಲ್ಲಿ ಏನೋ ಬಂತು ತೆರೆ ಮೇಲೆ.
ನಾನು ತಡವರಿಸುವಷ್ಟರಲ್ಲಿ
"ವಿರಾಮ" ಅಂತ ಓದಿ, ಎಲೆಅಡಿಕೆ ಬಿಚ್ಚಿದಳು.

ಕೊನೆಯ ದೃಶ್ಯ. ಹೀರೋಯಿನ್ನು ಊರು ಬಿಡುತ್ತಾಳೆ.
ಆಚೆ ಯಾರೋ ಮೂಗು ಸೀಟಿದರು.
ಎತ್ತಿನ ಗಾಡಿ ಅವರಿಗೆ ಎಡಕ್ಕೆ ಹೋಯಿತು,
ನಮಗೆ ಬಲಕ್ಕೆ.
"ದಿಕ್ಕು ಒಂದೇ ಅಲ್ವ್ರಾ" ಅಂತ ಕೈ ಚಾಚಿದಳು,
ಬಟ್ಟೆಯ ಅಂಚು, ಕಿಟಕಿ, ಕಾರ್ಖಾನೆ ಚಿಮಣಿ,
ಅದರಾಚೆ ಕತ್ತಲು.
"ಯಾವ ಕಡೆ ಕುಂತಿದ್ರೂವೆ
ಗಾಡಿ ಓಗಿದ್ದು ನಮ್ಮೂರ್ ಕಡೀಕೆ.
ಬೆಳಗಾಗೆದ್ದು ನಾಲೆ ಏರಿ ಮ್ಯಾಲೆ
ಕಾಯ್ಕಂಡು ನಿಂತಿದ್ದೆ."

"ಬಂತಾ?"

"ಬೇರೇದ್ ಬಂತು. ಕಬ್ಬಿನ್ ಗಾಡಿ.
ಅದ್ರಲ್ಲಿ ಯಾರೂ ಅಳ್ತಿರ್ಲಿಲ್ಲ,
ಒಬ್ಬ ಬಾಯ್ ಬುಟ್ಕಂಡು ನಿದ್ದೆ ಒಡೀತಿದ್ದ.
ಅದ್ನೇ ಬರ್ದೆ."

ಆ ಗಾಡಿಗೆ ಫ್ರೇಮು ಹಾಕಿದವನು ನಾನೇ.
ಐದಡಿ, ತೇಗ, ಹಿಂದೆ ನಾಲ್ಕು ಕೊಕ್ಕೆ.
ಮಲಗಿದವನ ಬಾಯಿ ನೋಡಿ
ಹೆಣ ಅಂದುಕೊಂಡಿದ್ದೆ ಇಷ್ಟು ದಿನ.

ರೀಲು ಮುಗಿದರೂ ಬೆಳಕು ಉರಿಯುತ್ತಿತ್ತು.
ಪ್ರಶ್ನೆಗಳಿದ್ದರೆ ಕೇಳಿ ಎಂದು ಮೇಷ್ಟ್ರು
ಅದಕ್ಕೆ ಅಡ್ಡ ಬಂದು ನಿಂತರು.
ನಮ್ಮ ಕಡೆಗೆ ಬಿದ್ದ ಅವರ ನೆರಳು
ಉದ್ದಕ್ಕೆ ಎಡಗೈ ಎತ್ತಿತು.

ಹೊಂಬಾಳಮ್ಮ ಸೆರಗು ಬಾಯಿಗಿಟ್ಟು ನಕ್ಕಳು.
ನಗು ನಿಲ್ಲುವ ಮೊದಲೇ
ನನ್ನ ಕಿವಿ ಸಂದಿಯ ಪೆನ್ಸಿಲ್ಲಿಗೆ ಕೈ ಹಾಕಿದಳು.
ಬಲಗೈ.