ಏಳು, ಮೂರು

ನಾರ್ತ್ ಪ್ಲಾಟ್‌ನ ಗೋದಾಮಿನ ಹಿಂದೆ ಲಾರಿ.
ಸರಕು ಇಳಿಸುವವರ ಸುಳಿವಿಲ್ಲ.
ವರ್ಲೀನ್ ಬೂಟು ಕಳಚಿ ಹಿಂಬದಿಯ ಬರ್ತ್ ಹತ್ತುತ್ತಾಳೆ,
ನಿದ್ದೆಗಲ್ಲ, ಲೆಕ್ಕಕ್ಕೆ.

ಹೊಸ ಹುಡುಗ ಟೋಬಿನ್‌ಗೆ ಫೋನಿನಲ್ಲಿ ಹೇಳುತ್ತಾಳೆ:
ಹತ್ತು ತಾಸಿನ ಬಿಡುವನ್ನು ಮುರಿಯಬಹುದು ಕಣೋ,
ಈಗ ಮೂರು, ಆಮೇಲೆ ಏಳು,
ಏಳು ಮಾತ್ರ ಬರ್ತಿನಲ್ಲೇ.
ಈ ಮೂರು ದಂಡವಾಯಿತೋ, ದಕ್ಕಿತೋ
ಈಗಲೇ ಗೊತ್ತಾಗದು;
ರಾತ್ರಿ ಆ ಏಳು ಮುಗಿದ ಮೇಲೆಯೇ
ಹದಿನಾಲ್ಕರ ಗಡಿಯಾರ
ಹಿಂದಿರುಗಿ ನೋಡಿ ಇದನ್ನು ಮನ್ನಾ ಮಾಡುವುದು.

ಅಲ್ಲಿಯವರೆಗೆ?
ಅಲ್ಲಿಯವರೆಗೆ ಸಾಲ.

ಪರದೆಯ ಸಂದಿಯಲ್ಲಿ ಬಿಸಿಲು, ಡೀಸೆಲ್ ವಾಸನೆ.
ಎರಡು ಮದುವೆಗಳ ನಡುವಿನ ಒಂಬತ್ತು ವರ್ಷವನ್ನು
ಯಾವ ಖಾತೆಗೆ ಬರೆಯಬೇಕೆಂದು
ಇವತ್ತಿಗೂ ತಿಳಿದಿಲ್ಲ ಅವಳಿಗೆ.

ಯಾರೋ ಬಾಗಿಲು ಬಡಿದರು. ಆಗಿದ್ದು
ಎರಡು ತಾಸು, ಐವತ್ತು ನಿಮಿಷ.
ಹತ್ತು ನಿಮಿಷ ತಡೆಯಪ್ಪಾ, ಎನ್ನುತ್ತಾಳೆ
ತಾರಸಿ ನೋಡುತ್ತ, ಕದಲದೆ.