ಕಾರು ಕೆಟ್ಟಿದೆಯೇ?

ಉಟ್ರೆಕ್ಟಿನವನು, ಹೆಸರು ವೌಟರ್.
ತಂಗಿಯ ಮಗುವನ್ನು ನೋಡಲು ವಿನಿಪೆಗ್ಗಿಗೆ ಬಂದು
ನಾಲ್ಕನೆಯ ದಿನ ನನ್ನ ಬಸ್ಸು ಹತ್ತಿದ.
ಹತ್ತಿದವನೇ ಗವಸು ಕಳಚಿ, ಮೀಸೆಯ ಮಂಜು ಒರೆಸಿ,
ಮುಂದಿನ ಕಂಬಿ ಹಿಡಿದು ಶುರುಮಾಡಿದ.

ಚಾಲಕನೊಡನೆ ಮಾತಾಡಬಾರದೆಂಬ ಫಲಕ
ಅವನ ಗಲ್ಲದ ಮಟ್ಟದಲ್ಲಿತ್ತು.
ಎತ್ತರದ ಆಳು. ಕಾಣಲಿಲ್ಲ.

"ಅಡುಗೆಮನೆಯ ಕಿಟಕಿಯಿಂದ ಅಂಗಡಿ ಕಾಣುತ್ತದೆ.
ಕೂಗಳತೆಯ ದೂರ. ನಡುವೆ ಎಂಟು ಸಾಲಿನ ರಸ್ತೆ,
ದಾಟಲು ಎಲ್ಲೂ ಬಿಳಿ ಪಟ್ಟೆಯಿಲ್ಲ.
ಬಳಸಿಕೊಂಡು ನಡೆದೆ. ಕಾಲುದಾರಿ ನಿಂತುಹೋಯಿತು
ಹೇಳುತ್ತ ಹೇಳುತ್ತ ಮರೆತ ಕತೆಯ ಹಾಗೆ;
ಮುಂದೆ ಮಂಡಿಯುದ್ದ ಹಿಮ.
ಒಬ್ಬ ಟ್ರಕ್ಕು ನಿಲ್ಲಿಸಿದ, ಗಾಜು ಇಳಿಸಿದ,
ಕಾರು ಕೆಟ್ಟಿದೆಯೇ ಅಂದ.
ಇಲ್ಲ ಅಂದೆ.
ಮತ್ತೆ ಏನಾಯಿತು ಅಂದ.
ಏನೂ ಆಗಿಲ್ಲ, ಹಾಲು ತರಲು ಹೊರಟೆ.
ಆಸ್ಪತ್ರೆಯಿಂದ ತಪ್ಪಿಸಿಕೊಂಡವನನ್ನು
ನೋಡುವ ಹಾಗೆ ನೋಡಿದ.
ಆದರೂ ಬಾಗಿಲು ತೆಗೆದ. ಒಳ್ಳೆಯವನು.
ನಿಮ್ಮೂರಲ್ಲಿ ಕರುಣೆಗೂ ನಾಲ್ಕು ಚಕ್ರ ಬೇಕು ನೋಡಿ."

ಸಿಟ್ಟು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು;
ಈ ರಸ್ತೆಗೆ ಡಾಂಬರು ಸುರಿದವರಲ್ಲಿ ನಮ್ಮಪ್ಪನೂ ಒಬ್ಬ,
ಸಾಯುವವರೆಗೂ ಅವನ ಉಗುರಿನ ಸಂದಿ ಕಪ್ಪಗಿತ್ತು.
ಮೈನಸ್ ಮೂವತ್ತರಲ್ಲಿ ತುಳಿ ನಿನ್ನ ಸೈಕಲ್ಲು, ನೋಡೋಣ,
ಎನ್ನಬೇಕೆಂದುಕೊಂಡೆ.
ನಿನ್ನ ಊರು ಅಂಗೈಯಗಲ,
ನನ್ನದು ಹಾಸಿದಷ್ಟೂ ಬಿಚ್ಚಿಕೊಳ್ಳುವ ಚಾಪೆ,
ಎನ್ನಬೇಕೆಂದುಕೊಂಡೆ.
ಅನ್ನಲಿಲ್ಲ.
ನಾನೂ ಡಿಪೋಗೆ ಕಾರಿನಲ್ಲೇ ಬರುವವನು.
ಊರಿನ ಮೊದಲ ಬಸ್ಸು ಹೊರಡಿಸಬೇಕಾದವನಿಗೆ
ಹತ್ತಲು ಯಾವ ಬಸ್ಸೂ ಇರುವುದಿಲ್ಲ.

ಆಗ ಎರಡನೆಯ ಸಾಲಿನಿಂದ ತಿಯೋಡೋರಾ,
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ
ಖಾಲಿ ಡಬ್ಬಿ ತೊಡೆಯ ಮೇಲಿಟ್ಟು ತೂಕಡಿಸುತ್ತಿದ್ದವಳು,
ಕಣ್ಣು ತೆರೆಯದೆಯೇ ಕೇಳಿದಳು:
"ಬಂದು ಎಷ್ಟು ದಿನವಾಯಿತು?"
ನಾಲ್ಕು, ಎಂದ.
"ನಾನು ಮನಿಲಾ ಬಿಟ್ಟು ಹತ್ತೊಂಬತ್ತು ವರ್ಷ.
ನೀನು ಹೇಳಿದ್ದನ್ನೆಲ್ಲ ನಾನೂ ಹೇಳಿದ್ದೇನೆ,
ಐದಾರು ಅರ್ಜಿಗಳಲ್ಲಿ, ಎರಡು ಸಭೆಗಳಲ್ಲಿ.
ಮೂರನೆಯ ಸಭೆಗೆ ಹೋಗಲಾಗಲಿಲ್ಲ,
ಅಲ್ಲಿಗೆ ಬಸ್ಸಿರಲಿಲ್ಲ.
ನೀನು ಅಂದರೆ ವಿಮರ್ಶೆ,
ನಾನು ಅಂದರೆ ಗೊಣಗಾಟ.
ನಿಲ್ಲಿಸಬೇಡ, ಹೇಳು. ಇನ್ನೂ ಜೋರಾಗಿ ಹೇಳು.
ಪೇಪರಿನವರು ಸಿಕ್ಕರೆ ಅವರಿಗೂ ಹೇಳು."

ಬಸ್ಸು ನಕ್ಕಿತು. ಹಿಂದಿನ ಸೀಟಿನ ಹುಡುಗ
ಕಿವಿಯ ತಂತಿ ಕಿತ್ತು ಏನಂತೆ, ಏನಂತೆ ಅಂದ.
ಮುದುಕಿ ಹಾಲ್ಡೋರ್ಸನ್ ಊರುಗೋಲು ಕುಟ್ಟಿ,
"ಲೈಸೆನ್ಸು ಕಿತ್ತುಕೊಂಡರಲ್ಲ, ಆ ಮಂಗಳವಾರ
ಮಧ್ಯಾಹ್ನವೇ ನನಗೆ ವಯಸ್ಸಾದದ್ದು,
ಬೆಳಗ್ಗೆ ಚೆನ್ನಾಗಿಯೇ ಇದ್ದೆ" ಎಂದಳು.
ವೌಟರ್ ಮಾತ್ರ ನಗಲಿಲ್ಲ.
ಮೊದಲ ಸಲ ಬಗ್ಗಿ ಫಲಕ ಓದಿದ.
ಸುಮ್ಮನಾದ.

ಇಬ್ಬರದೂ ಒಂದೇ ನಿಲ್ದಾಣ.
ನಿಲ್ದಾಣವೆಂದರೆ ಹಿಮದಲ್ಲಿ ನೆಟ್ಟ ಕಂಬ,
ಕೂರಲು ಕಲ್ಲೂ ಇಲ್ಲ.
ಅವನು ಉದ್ದ ಕಾಲು ಹಾಕಿ ಮುಂದೆ ಹೋದ;
ಅವಳು ಅವನ ಹೆಜ್ಜೆಗುಳಿಗಳಲ್ಲೇ
ಗಿಡ್ಡ ಕಾಲು ಎತ್ತಿ ಎತ್ತಿ ಇಟ್ಟಳು.

ಸಿಗ್ನಲ್ಲು ಕೆಂಪಿತ್ತು. ಕನ್ನಡಿಯಲ್ಲಿ ನೋಡಿದೆ:
ಕಾರೊಂದು ಅವನ ಪಕ್ಕ ನಿಧಾನಿಸಿತು,
ಗಾಜು ಇಳಿಯಿತು,
ಅವನು ತಿರುಗಿ ಹಿಂದೆ ಕೈತೋರಿಸುತ್ತಿದ್ದ.
ಹತ್ತೊಂಬತ್ತು ಚಳಿಗಾಲದಲ್ಲಿ ಅವಳನ್ನು
ಯಾರೂ ಕೇಳಿದ್ದಿಲ್ಲ, ನಾನೂ,
ಕಾರು ಕೆಟ್ಟಿದೆಯೇ ಎಂದು.

ಹಸಿರು ಬಂತು. ಆಗಲೇ ಮೂರು ನಿಮಿಷ ತಡ.