ಎಡಗಾಲಿಗೆ ಕೆಲಸವಿಲ್ಲ

ಗೆಜ್ಜಲಗೆರೆ ಗೇಟಿನ ಪಕ್ಕ ಎರಡು ಲಾರಿ.
ಒಂದು ನನ್ನಂಗೆ, ಬಾಗಿಲು ಎತ್ತಿ ಹಾಕಬೇಕು.
ಇನ್ನೊಂದಕ್ಕೆ ಕಬ್ಬಿನ ಸೋಗೆ ಮೈಗೆ ತಾಗಿಲ್ಲ ಇನ್ನೂ.
ಚೆಲುವರಾಜು ಹೊಸದರ ಒಳಗೆ ಬಗ್ಗಿದ, ನಕ್ಕ.
"ಕ್ಲಚ್ಚೇ ಇಲ್ವಲ್ಲ ಮಾವ! ಇದೇ ಇರ್ಲಿ ನಂಗೆ."

ಬಯ್ಯೋಣ ಅಂತಿದ್ದೆ.
"ಗೇರು ಹಾಕ್ದೋನು ಡ್ರೈವರೇನ್ಲಾ?"
ಬನ್ನಿಮಂಟಪದ ಸತ್ತಾರ್ ಸಾಬ್ರ ಮಾತು,
ಅವರ ಬೀಡಿ ವಾಸ್ನೆ ಸಮೇತ ನಾಲಿಗೆ ತುದೀಲಿತ್ತು.
ಅಷ್ಟೊತ್ಗೆ ಎಡಮಂಡಿ ಕಟಕ್ ಅಂತು.
ಮೂವತ್ತೊಂದು ವರ್ಷ ತುಳಿದ ಮಂಡಿ,
ಪಟ್ಟಣದ ಸೇತುವೆ ಮ್ಯಾಲೆ ಒಂದೇ ಸಂಜೆ
ಇನ್ನೂರು ಸಲ ತುಳಿದದ್ದು ಅದುಕ್ಕೇ ಗೊತ್ತು.
ತಕೊಳ್ಳಪ್ಪ, ಅಂದೆ.

ಆದ್ರೆ ಬಾ, ಮೊದ್ಲು ಕ್ಯಾಬಿನ್ ಎತ್ತು.
ಗೇರುಪೆಟ್ಟಿಗೆಗೆ ಬುದ್ಧಿ ಬಂದೈತೆ,
ಎಂಜಿನ್ನಿಗೆ ಇನ್ನೂ ನಮ್ಮಪ್ಪನ ಕಾಲದ ಉಸಿರೇ:
ಎಳ್ಕೊ, ಅದುಮು, ಉರಿ, ಉಗುಳು.
ಡೀಸೆಲ್ಗೆ ಯಾರೂ ಕಿಡಿ ಕೊಡಲ್ಲ ಕಣ್ಲಾ.
ಸೈಕಲ್ಲಿಗೆ ಗಾಳಿ ಹೊಡೆದ್ರೆ
ಪಂಪಿನ ಬುಡ ಸುಡಲ್ವಾ? ಅದೇ ಬಿಸಿ,
ಇಲ್ಲಿ ನೂರು ಪಾಲು. ಎಣ್ಣೆ ತಾನೇ ಹತ್ಕೊತದೆ.

ಕಡ್ಡಿ ಎಳಿ. ಒರಸು. ಇಳಿಸಿ ಮತ್ತೆ ಎಳಿ.
ಎರಡು ಗೀಟಿನ ನಡುವೆ ಇರಬೇಕು ಆಯಿಲ್ಲು.
ಹಾಲು ಹಾಕಿದ ಕಾಫಿ ಥರ ಕಂಡ್ರೆ
ನೀರು ಸೇರೈತೆ ಅಂತ. ಕೀ ಮುಟ್ಟಬೇಡ, ಫೋನ್ ಮಾಡು.
ಬಿಸಿ ರೇಡಿಯೇಟರ್ ಮುಚ್ಚಳ ತೆಗೆದ್ರೆ ಏನಾಯ್ತದೆ
ಅಂತ ನನ್ನ ಕುತ್ತಿಗೆ ಮ್ಯಾಲೆ ಬರೆದೈತೆ, ಓದ್ಕೊ.
ಇಳಿಜಾರಲ್ಲಿ ನ್ಯೂಟ್ರಲ್ಗೆ ತಳ್ಳಿ
ಡೀಸೆಲ್ ಉಳಿಸ್ತೀನಿ ಅಂತ ಹೋಗಬೇಡ.
ಹಿಂದೆ ಹದಿನೆಂಟು ಟನ್ ಕಬ್ಬು ನೂಕ್ತಿರ್ತದೆ,
ಎಂಜಿನ್ ಹಿಡ್ಕೊಂಡಿರ್ಲಿ, ಅದರ ಕೈ ಬುಡಿಸಬೇಡ.

ಕೀ ತಿರುಗಿಸಿದ. ಕೇಳಿದ. ಆರಿಸಿದ.
"ಶ್... ಎಲ್ಲೋ ಬುಸ್ ಅಂತೈತೆ ಮಾವ."
ನನಗೆ ಏನೂ ಕೇಳಲಿಲ್ಲ.
ಬಲಗಿವಿ ಕಿಟಕಿ ಗಾಳಿಗೆ ಹೋಗಿ ಹತ್ತು ವರ್ಷ,
ಯಾರಿಗೂ ಹೇಳಿಲ್ಲ, ಓನರಿಗಂತೂ ಇಲ್ಲವೇ ಇಲ್ಲ.
ಅವನು ಕೆಳಗೆ ತೂರಿ, ಬ್ರೇಕಿನ ಗಾಳಿಪೈಪಿನ ಗಂಟಿಗೆ
ಬೆರಳಲ್ಲಿ ಉಗುಳು ಹಚ್ಚಿದ.
ಗುಳ್ಳೆ ಎದ್ದಿತು, ಒಡೀತು, ಮತ್ತೆ ಎದ್ದಿತು.
ಹೊಸ ಗಾಡಿ! ಹದಿನೇಳರ ಸ್ಪ್ಯಾನರ್ ತಂದುಕೊಟ್ಟೆ,
ಬೇರೇನೂ ಹೇಳಲಿಲ್ಲ.

ಹೊರಟ್ವಿ.
"ಎಡಗಾಲನ್ನ ಏನ್ ಮಾಡ್ಲಿ?" ಅಂದ.
ಮಡಿಚ್ಕೊಂಡು ಕೂರು, ಅತ್ತೆಮನೆಗೆ ಬಂದಂಗೆ.

ಯಲಿಯೂರು ಸರ್ಕಲ್. ಮುಂದೆ ಎತ್ತಿನಗಾಡಿ.
ಲಾರಿ ತಾನಾಗೇ ಗೇರು ಇಳಿಸ್ತು,
ಒಂದು ಚೂರೂ ಜಗ್ಗದೆ.
ಪಕ್ಕದ ಸೀಟಲ್ಲಿ ನನ್ನ ಎಡಗಾಲು
ರಬ್ಬರ್ ಮ್ಯಾಟನ್ನ ಪೂರ್ತಿ ತುಳಿದಿತ್ತು.
ಅವನು ನೋಡಲಿಲ್ಲ. ಕಿವಿ ಎಂಜಿನ್ ಕಡೆಗಿತ್ತು.